ಗುತ್ತಿಯ ನೀಲಿ ಜೇಡದ ಮರಿ

ನಮ್ಮ ಮನೆಗಳಲ್ಲಿ ಜೇಡ ಕಂಡರೆ ಮೊದಲು ನೆನಪಾಗುವುದು ಕಸಬರಿಗೆ. ದೀಪಾವಳಿಗೆ ವಾರವಿರುವಾಗಲೇ ಉದ್ದನೆಯ ಕೋಲಿಗೆ ಕಸಬರಿಗೆ ಕಟ್ಟಿ ಮೂಲೆಮೂಲೆಯ ಬಲೆ ತೆಗೆಯದೆ ಹಬ್ಬದ ಕೆಲಸ ಶುರುವಾಗುವುದಿಲ್ಲ. ಆದರೆ ನಮ್ಮ ಭಾಷೆ ನಮ್ಮಷ್ಟು ನಿರ್ದಯಿಯಲ್ಲ. ಬಟ್ಟೆ ನೇಯುವವನಿಗೂ ಜೇಡ, ಬಲೆ ನೇಯುವ ಹುಳಕ್ಕೂ ಜೇಡ ಎಂದು ಅದು ಒಂದೇ ಹೆಸರು ಕೊಟ್ಟಿದೆ. ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಆ ನೇಯ್ಗೆಯೇ. ಶ್ರೀಕಾಳಹಸ್ತಿಯ ಕಥೆಯಲ್ಲಂತೂ ಹಾವು, ಆನೆಗಳ ಜೊತೆಗೆ ಜೇಡವೂ ಶಿವಭಕ್ತ. ಲಿಂಗದ ಮೇಲೆ ಬಲೆ ನೇಯ್ದು ನೆರಳು ಮಾಡಿದ ಆ ಜೇಡಕ್ಕೆ ಕ್ಷೇತ್ರದ ಹೆಸರಿನಲ್ಲಿ ಮೊದಲ ಅಕ್ಷರವೇ ಸಿಕ್ಕಿದೆ.

ಹೀಗಿದ್ದೂ ಜೇಡವನ್ನು ಯಾರಾದರೂ ಮರಿಯಿಂದ ಸಾಕಿ ಬೆಳೆಸುತ್ತಾರೆ ಎಂದರೆ ನಮಗೆ ನಗು ಬರುತ್ತದೆ. ನನಗೂ ಬಂದಿತ್ತು. ಜರ್ಮನಿಯಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳು ಒಂದು ಭಾನುವಾರ ಫೋನಿನಲ್ಲಿ ಪುಟ್ಟ ಡಬ್ಬಿಯೊಂದನ್ನು ತೋರಿಸಿದಳು. ಒಳಗೆ ಕಿರುಬೆರಳಿನ ಉಗುರಿನಷ್ಟು ದೊಡ್ಡದಾದ, ಮಾಸಲು ಬಣ್ಣದ ಒಂದು ಜೇಡದ ಮರಿ.

"ದೊಡ್ಡಮ್ಮ, ಇದು ಯಾವ ಊರಿನದು ಹೇಳು ನೋಡೋಣ?" ಎಂದಳು.

"ನಿಮ್ಮ ಕಡೆಯದೇ ಇರಬೇಕು, ನನಗೇನು ಗೊತ್ತೇ?" ಎಂದೆ.

"ಅಲ್ಲ, ನಿನ್ನ ಕಡೆಯದು. ಇದರ ಹೆಸರೇ ಗುತ್ತಿ."

ಬಳ್ಳಾರಿಯಿಂದ ರೈಲಿನಲ್ಲಿ ಹೊರಟರೆ ಗುಂಟಕಲ್ ಆದಮೇಲೆ ಸಿಗುವ ಆಂಧ್ರದ ಅನಂತಪುರ ಜಿಲ್ಲೆಯ ಊರು ಗುತ್ತಿ. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಎರಡೂ ಕಡೆಯವರು ಒಂದೇ ಮದರಾಸು ಪ್ರಾಂತ್ಯದವರು. ಇತಿಹಾಸ ಪಾಠ ಮಾಡುವ ನನಗೆ ಗುತ್ತಿ ಎಂದರೆ ಬೆಟ್ಟದ ಮೇಲಿನ ಕೋಟೆ, ಅದನ್ನು ಆಳಿದ ಮುರಾರಿರಾವ್ ಘೋರ್ಪಡೆ, ಅವನಿಂದ ಅದನ್ನು ಕಿತ್ತುಕೊಂಡ ಹೈದರಾಲಿ. ರೈತವಾರಿ ಪದ್ಧತಿಯ ಥಾಮಸ್ ಮನ್ರೋ 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತಾಗ ಮೊದಲು ಮಣ್ಣಾದದ್ದೂ ಗುತ್ತಿಯಲ್ಲೇ. ಈ ಸಾಲಿನಲ್ಲಿ ಒಂದು ಜೇಡಕ್ಕೂ ಜಾಗವಿದೆ ಎಂದು ನನಗೆ ತಿಳಿಸಿದ್ದು ಆ ಡಬ್ಬಿ. ಅಲ್ಲಿಂದ ನಾನು ಓದುತ್ತಾ ಹೋದೆ.

ಇಂಥ ದೊಡ್ಡ, ರೋಮದ ಜೇಡಗಳಿಗೆ ಟರಾಂಟುಲಾ ಎಂಬ ಹೆಸರಿದೆ. ಹೆಸರು ಬಂದದ್ದು ಇಟಲಿಯ ದಕ್ಷಿಣದ ಟರಾಂಟೋ ಪಟ್ಟಣದಿಂದ. ಅಲ್ಲಿನ ಹೊಲಗಳಲ್ಲಿದ್ದ ಒಂದು ಜೇಡ ಕಚ್ಚಿದರೆ ಮನುಷ್ಯ ಮಂಕಾಗುತ್ತಾನೆ, ದಣಿಯುವವರೆಗೆ ಕುಣಿದರೆ ಮಾತ್ರ ವಿಷ ಇಳಿಯುತ್ತದೆ ಎಂದು ಜನ ಶತಮಾನಗಳ ಕಾಲ ನಂಬಿದ್ದರು. ಟರಾಂಟೆಲ್ಲಾ ಎಂಬ ಕುಣಿತದ ಹೆಸರೂ ಅದೇ ಊರಿನದು. ಯುರೋಪಿನವರು ಅಮೆರಿಕ ಖಂಡಗಳಿಗೆ ಹೋದಾಗ ಅಲ್ಲಿ ಕಂಡ ಇನ್ನೂ ದೊಡ್ಡ ಜೇಡಗಳಿಗೆ ಈ ಹೆಸರನ್ನು ಹಚ್ಚಿದರು. ಜೊತೆಗೆ ಊರಿನ ಭಯವೂ ಹೋಯಿತು.

ಆ ಭಯದ ನಡುವೆ ಕೂತು ಜೇಡವನ್ನು ನೋಡಿದವರಲ್ಲಿ ನನಗೆ ಹತ್ತಿರವಾದವಳು ಮರಿಯಾ ಸಿಬಿಲ್ಲಾ ಮೇರಿಯನ್. 1647ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ಈಕೆ ಹುಡುಗಿಯಾಗಿದ್ದಾಗಲೇ ಕಂಬಳಿಹುಳುಗಳನ್ನು ಸಾಕಿ, ಅವು ಚಿಟ್ಟೆಯಾಗುವುದನ್ನು ನೋಡಿ ಚಿತ್ರ ಬರೆಯುತ್ತಿದ್ದಳು. 1699ರಲ್ಲಿ, ತನ್ನ 52ನೆಯ ವಯಸ್ಸಿನಲ್ಲಿ, ಕಿರಿಯ ಮಗಳನ್ನು ಕರೆದುಕೊಂಡು ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋದಳು. ಆ ವಯಸ್ಸಿನಲ್ಲಿ ನಾವು ನಿವೃತ್ತಿಗೆ ಎಷ್ಟು ವರ್ಷ ಉಳಿಯಿತೆಂದು ಎಣಿಸುತ್ತಿರುತ್ತೇವೆ. 1705ರಲ್ಲಿ ಅವಳು ಪ್ರಕಟಿಸಿದ ಪುಸ್ತಕದ ಒಂದು ಚಿತ್ರದಲ್ಲಿ, ಸೀಬೆಗಿಡದ ಮೇಲೆ ದೊಡ್ಡ ಜೇಡವೊಂದು ಪುಟ್ಟ ಹಕ್ಕಿಯನ್ನು ಹಿಡಿದಿದೆ. ಮುಂದೆ ಪಂಡಿತರು ಇದನ್ನು ಹೆಂಗಸಿನ ಕಟ್ಟುಕಥೆ ಎಂದು ತಳ್ಳಿಹಾಕಿದರು. ಇಂಗ್ಲೆಂಡಿನ ಹೆನ್ರಿ ಬೇಟ್ಸ್ ಅಮೆಜಾನ್ ಕಾಡಿನಲ್ಲಿ 11 ವರ್ಷ ಕಳೆದು ಬಂದು, ಜೇಡ ಹಕ್ಕಿ ಹಿಡಿದದ್ದನ್ನು ತಾನೂ ಕಂಡೆನೆಂದು 1863ರಲ್ಲಿ ಬರೆದ ಮೇಲೆ ಅವಳ ಮಾತಿಗೆ ಬೆಲೆ ಬಂತು. ಅಷ್ಟರಲ್ಲಿ ಅವಳು ಸತ್ತು 146 ವರ್ಷ ಕಳೆದಿದ್ದವು.

ಬೇಟ್ಸನ ಪುಸ್ತಕದಲ್ಲಿ ಇನ್ನೊಂದು ಸಂಗತಿಯಿದೆ. ಅವನಿಗೆ ಹುಳಹುಪ್ಪಟೆ ಹಿಡಿದುಕೊಡುತ್ತಿದ್ದ ಅಲ್ಲಿನ ಮೂಲನಿವಾಸಿ ಕುಟುಂಬದ ಮಕ್ಕಳು ಇಂಥದೇ ಜೇಡವೊಂದರ ಸೊಂಟಕ್ಕೆ ದಾರ ಕಟ್ಟಿ, ನಾಯಿಯನ್ನು ಕರೆದೊಯ್ಯುವಂತೆ ಮನೆಯಲ್ಲೆಲ್ಲ ಓಡಾಡಿಸುತ್ತಿದ್ದರಂತೆ. ಪಂಡಿತರು ಇದೆಯೋ ಇಲ್ಲವೋ ಎಂದು ವಾದಿಸುತ್ತಿದ್ದ ಪ್ರಾಣಿ ಆ ಮಕ್ಕಳ ಆಟದ ಗೆಳೆಯ.

ಮರಿಗಳ ಬಾಲ್ಯವನ್ನು ನೋಡಿ ಬರೆದವನು ಫ್ರಾನ್ಸಿನ ಜಾನ್ ಹೆನ್ರಿ ಫಾಬ್ರ್. ಇವನೂ ಮೊದಲು ಶಾಲಾ ಮಾಸ್ತರನೇ. ಟರಾಂಟೋದ ಜೇಡದ ಹತ್ತಿರದ ಬಂಧುವೊಂದನ್ನು ಮಣ್ಣು ತುಂಬಿದ ಪಾತ್ರೆಗಳಲ್ಲಿ ಸಾಕಿ ದಿನಗಟ್ಟಲೆ ನೋಡಿದ. ತಾಯಿ ತನ್ನ ಮೊಟ್ಟೆಗಳ ಚೀಲವನ್ನು ಬಿಸಿಲಿಗೆ ಹಿಡಿಯುತ್ತಾಳೆ, ಮರಿಗಳು ಹೊರಬಂದ ಮೇಲೆ ಅವನ್ನೆಲ್ಲ ಬೆನ್ನ ಮೇಲೆ ಹೊರುತ್ತಾಳೆ, ಸುಮಾರು ಏಳು ತಿಂಗಳು ಮರಿಗಳು ಏನೂ ತಿನ್ನದೆ ಅಲ್ಲೇ ಕೂತಿರುತ್ತವೆ ಎಂದು ಕಂಡುಕೊಂಡ. ಬಿದ್ದ ಮರಿ ತಾನೇ ಕಾಲು ಹಿಡಿದು ಮೇಲೆ ಹತ್ತುತ್ತದೆ.

ಆಮೇಲೆ ಬಂದವನು ಅಮೆರಿಕದ ಆರ್ಕನ್ಸಾ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞ ವಿಲಿಯಂ ಬೇರ್ಗ್. ಅಲ್ಲಿನ ಟರಾಂಟುಲಾಗಳನ್ನು ದಶಕಗಳ ಕಾಲ ಸಾಕಿ ನೋಡಿದ. ಮರಿ ಪ್ರಾಯಕ್ಕೆ ಬರಲು ಸುಮಾರು ಹತ್ತು ವರ್ಷ ಬೇಕು, ಪ್ರಾಯಕ್ಕೆ ಬಂದ ಗಂಡು ಹೆಚ್ಚು ಕಾಲ ಬದುಕುವುದಿಲ್ಲ, ಹೆಣ್ಣು ಮಾತ್ರ 20 ವರ್ಷ ದಾಟಬಲ್ಲದು ಎಂದು ಲೋಕಕ್ಕೆ ಹೇಳಿದ. 1958ರಲ್ಲಿ ಈ ಜೇಡಗಳ ಬಗ್ಗೆಯೇ ಒಂದು ಪುಸ್ತಕ ಬರೆದ. ಇಂಥ ವಿಷಯ ಒಂದು ಮಳೆಗಾಲದಲ್ಲಿ, ಒಂದು ಪರೀಕ್ಷೆಯಲ್ಲಿ ತಿಳಿಯುವಂಥದಲ್ಲ. ಮರಿಯೊಂದನ್ನು ಇಟ್ಟುಕೊಂಡು ಅದರ ಜೊತೆ ತಾನೂ ಮುದುಕನಾಗಬೇಕು.

ಗುತ್ತಿಯ ಜೇಡ ಈ ಚರಿತ್ರೆಗೆ ಸೇರಿದ್ದು 1899ರಲ್ಲಿ. ಗುತ್ತಿಯಿರುವುದು ಮದರಾಸು-ಮುಂಬಯಿ ರೈಲು ದಾರಿಯಲ್ಲಿ. ಅಲ್ಲಿನ ರೈಲ್ವೆಯ ಮರದ ಅಡ್ಡೆಯಲ್ಲಿ ಸಿಕ್ಕ ಒಂದೇ ಒಂದು ಜೇಡವನ್ನು ನೋಡಿ ಆರ್. ಐ. ಪೊಕಾಕ್ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಅದನ್ನು ಹೊಸ ಜಾತಿಯೆಂದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ವರ್ಣಿಸಿದ. ಲೋಹದಂತೆ ಹೊಳೆಯುವ ಬಣ್ಣಕ್ಕಾಗಿ ಪೊಸಿಲೋಥೀರಿಯಾ ಮೆಟಾಲಿಕಾ ಎಂದು ಹೆಸರಿಟ್ಟ. ಬಲಿತ ಜೇಡ ನವಿಲಿನ ಕತ್ತಿನಂಥ ನೀಲಿ, ಕಾಲುಗಳ ಮೇಲೆ ಹಳದಿ ಮಚ್ಚೆ. ಆ ನೀಲಿ ಯಾವ ಬಣ್ಣದ ದ್ರವ್ಯದ್ದೂ ಅಲ್ಲ, ರೋಮದೊಳಗಿನ ಅತಿ ಸೂಕ್ಷ್ಮ ರಚನೆಯ ಮೇಲೆ ಬೆಳಕು ಬಿದ್ದು ಹುಟ್ಟುವಂಥದು.

ಅದಾದ ಮೇಲೆ ನೂರು ವರ್ಷ ಅದರ ಸುದ್ದಿಯೇ ಇಲ್ಲ. 2001ರಲ್ಲಿ ಮತ್ತೆ ಕಂಡಾಗ ಅದು ಇದ್ದದ್ದು ಗುತ್ತಿಯಲ್ಲಲ್ಲ, ನೂರು ಕಿಲೋಮೀಟರಿನಷ್ಟು ದೂರದ ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಪೂರ್ವಘಟ್ಟದ ಕಾಡಿನಲ್ಲಿ. ಹಳೆಯ ಮರಗಳ ಪೊಟರೆಗಳೇ ಅದರ ಮನೆ. ಹಾಗಾದರೆ 1899ರ ಆ ಜೇಡ ಗುತ್ತಿಯದೇ ಅಲ್ಲ, ಕಡಿದ ಮರದ ದಿಮ್ಮಿಯೊಳಗೆ ಅಡಗಿ ರೈಲಿನಲ್ಲಿ ಬಂದದ್ದಿರಬೇಕು ಎನ್ನುತ್ತಾರೆ ತಿಳಿದವರು. ಅಂದರೆ ಅದಕ್ಕೆ ನಾವು ಕೊಟ್ಟ ಹೆಸರು ಹುಟ್ಟಿದೂರಿನದಲ್ಲ, ಮನೆ ಕಳೆದುಕೊಂಡ ಮೇಲೆ ಇಳಿದ ಸ್ಟೇಷನ್ನಿನದು.

2001ರ ನಂತರ ಕೆಲವೇ ವರ್ಷಗಳಲ್ಲಿ ಈ ಜೇಡ ಯುರೋಪು, ಅಮೆರಿಕದ ಸಾಕುವವರ ಕೈ ಸೇರಿತು. ಅಲ್ಲೇ ಮರಿ ಮಾಡಿತು. ನನ್ನ ತಂಗಿಯ ಮಗಳ ಡಬ್ಬಿಯದೂ ಅಂಥ ಮರಿಯೇ. ಅದನ್ನು ಬೆಳೆಸುವ ಕ್ರಮ ಕೇಳಿದಾಗ ನನಗೆ ಬಾಣಂತಿಕೋಣೆಯ ಶಿಸ್ತು ನೆನಪಾಯಿತು. ಗಾಳಿಯಾಡಲು ಸಣ್ಣ ತೂತುಗಳಿರುವ ಡಬ್ಬಿ, ತಳದಲ್ಲಿ ತೇವದ ತೆಂಗಿನ ನಾರಿನ ಪುಡಿ, ಮರದ ಜೀವಿಯಾದ್ದರಿಂದ ನೆಟ್ಟಗೆ ಒರಗಿಸಿದ ಒಂದು ತೊಗಟೆ ಚೂರು. ತೇವ ಬೇಕು, ಒದ್ದೆಯಾಗಬಾರದು. ಆಹಾರಕ್ಕೆ ಹಣ್ಣಿನ ನೊಣ ಇಲ್ಲವೇ ಮರಿಗಿಂತ ಚಿಕ್ಕದಾದ ಮಿಡತೆಯಂಥ ಹುಳ. ಪೊರೆ ಕಳಚುವ ಕಾಲ ಬಂದರೆ ಮರಿ ಊಟ ಬಿಟ್ಟು ಮೂಲೆ ಸೇರುತ್ತದೆ. ಅಂಗಾತ ಮಲಗಿದ ಮರಿಯನ್ನು ಸತ್ತಿತೆಂದು ಮುಟ್ಟಬಾರದು, ಆಗಲೇ ಅದು ಹೊಸ ಮೈ ತೊಡುತ್ತಿರುತ್ತದೆ. ಮೈ ಗಟ್ಟಿಯಾಗುವ ಮುನ್ನ ಡಬ್ಬಿಯಲ್ಲಿ ಜೀವಂತ ಹುಳ ಬಿಟ್ಟರೆ ಆ ಹುಳವೇ ಮರಿಯನ್ನು ಕಚ್ಚಿ ತಿನ್ನಬಹುದು. ಕೈಯಲ್ಲಿ ಹಿಡಿದು ಆಡಿಸುವ ಮಾತೇ ಇಲ್ಲ. ಓಟ ಚುರುಕು, ಬಲಿತದ್ದು ಕಚ್ಚಿದರೆ ನೋವು, ಸ್ನಾಯುಸೆಳೆತ ದಿನಗಟ್ಟಲೆ ಕಾಡುತ್ತವೆ.

"ಮುದ್ದು ಮಾಡುವ ಹಾಗಿಲ್ಲ, ಹೆಸರು ಕರೆದರೆ ಬರುವುದಿಲ್ಲ, ಮತ್ತೆ ಯಾಕೆ ಸಾಕುತ್ತೀಯೇ?" ಎಂದು ಕೇಳಿದೆ.

"ಸುಮ್ಮನೆ ನೋಡುವುದಕ್ಕೆ ದೊಡ್ಡಮ್ಮ. ನಾನು ಆತುರಪಟ್ಟರೆ ಅದು ಬದುಕುವುದಿಲ್ಲ" ಎಂದಳು.

ಆ ಉತ್ತರ ನನಗೆ ಹಿಡಿಸಿತು. ಮೇರಿಯನ್, ಫಾಬ್ರ್, ಬೇರ್ಗ್ ಮೂವರೂ ಇದನ್ನೇ ಮಾಡಿದ್ದು. ಆದರೆ ಇಷ್ಟಕ್ಕೆ ಸಮಾಧಾನಪಡಲು ಇತಿಹಾಸ ಬಿಡುವುದಿಲ್ಲ. ಲೋಕದಲ್ಲಿ ಬೇರೆಲ್ಲೂ ಕಾಣದ ಜೇಡ ಇದು. ಮೊದಲು ಹೊರಗೆ ಹೋದ ತಾಯಿ ಜೇಡಗಳು ಆ ಒಂದು ಕಾಡಿನಿಂದಲ್ಲದೆ ಮತ್ತೆಲ್ಲಿಂದ ಹೋಗಿರಬೇಕು? ಅದು ಉಳಿದಿರುವ ಜಾಗ ನೂರು ಚದರ ಕಿಲೋಮೀಟರಿಗಿಂತ ಕಡಿಮೆ ಎಂದು ಲೆಕ್ಕ ಹಾಕಿ, ಸೌದೆಗೂ ದಿಮ್ಮಿಗೂ ಅಲ್ಲಿ ಮರ ಹೋಗುತ್ತಿರುವುದನ್ನು ಕಂಡು, ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ 2008ರಲ್ಲಿ ಇದನ್ನು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. 2019ರಲ್ಲಿ ಈ ಕುಲದ ಎಲ್ಲ ಜೇಡಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಕಡ್ಡಾಯವಾಯಿತು.

ಡಬ್ಬಿಗಳಲ್ಲಿ ಹುಟ್ಟಿದ ಮರಿ ಹೆಚ್ಚಾದಷ್ಟೂ ಕಾಡಿನದನ್ನು ಕದಿಯುವ ಆಸೆ ಕಡಿಮೆಯಾಗಬಹುದು. ಅಷ್ಟು ಉಪಕಾರ ಒಪ್ಪೋಣ. ಆದರೆ ಆ ಮರಿಗಳನ್ನು ತಂದು ಕಾಡಿಗೆ ಬಿಟ್ಟರೆ ಲೆಕ್ಕ ಸರಿಹೋಗುವುದಿಲ್ಲ. ಯಾವ ಸಂತತಿಯದೋ, ಯಾವ ರೋಗ ಹೊತ್ತು ಬಂದದ್ದೋ ಎಂಬ ಪ್ರಶ್ನೆ ಒಂದು ಕಡೆ. ಪೊಟರೆ ಬೀಳುವಷ್ಟು ವಯಸ್ಸಾದ ಮರ ಎಷ್ಟು ಉಳಿದಿವೆ ಎಂಬುದು ಇನ್ನೊಂದು ಕಡೆ. ಜೇಡದ ಮರಿ ಕೆಲವು ವರ್ಷಗಳಲ್ಲಿ ದೊಡ್ಡದಾಗುತ್ತದೆ. ಅದಕ್ಕೆ ಮನೆಯಾಗುವ ಮರಕ್ಕೆ ನಮ್ಮ ಒಂದು ಆಯುಷ್ಯ ಸಾಲದು.

ಈಗ ತರಗತಿಯಲ್ಲಿ ಮನ್ರೋ ಪಾಠ ಬಂದಾಗ ಗುತ್ತಿಯ ಕೋಟೆಯ ಜೊತೆಗೆ ರೈಲ್ವೆಯ ಮರದ ಅಡ್ಡೆಯನ್ನೂ ಹೇಳುತ್ತೇನೆ. "ಟೀಚರ್, ಅದು ಕಚ್ಚುತ್ತಾ?" ಎಂಬುದು ಎಲ್ಲರ ಮೊದಲ ಪ್ರಶ್ನೆ. ಈ ವರ್ಷ ಹಿಂದಿನ ಬೆಂಚಿನ ಒಬ್ಬ ಹುಡುಗ ಬೇರೆ ಕೇಳಿದ: "ಟೀಚರ್, ಆ ಮರ ಕಡಿದದ್ದು ಯಾತಕ್ಕೆ?" ಉಳಿದ ಪಾಠವನ್ನು ಅಲ್ಲಿಂದಲೇ ಮಾಡಿದೆ.