ಒಂದೇ ಹೆಸರು, ಎರಡು ತಂತ್ರಾಂಶ: ಲಿನಕ್ಸ್ ಆದೇಶಗಳ ಸಂಘರ್ಷ

ಲಿನಕ್ಸ್ ಗಣಕಯಂತ್ರದಲ್ಲಿ ಹೊಸ ತಂತ್ರಾಂಶವೊಂದನ್ನು ಅಳವಡಿಸುವುದು ಮೇಲ್ನೋಟಕ್ಕೆ ಒಂದು ಸಾಲಿನ ಕೆಲಸ. ಆದರೆ ತಂತ್ರಾಂಶ ಸಾಮಾನ್ಯವಾಗಿ ಒಂಟಿಯಾಗಿ ಬರುವುದಿಲ್ಲ. ತನಗೆ ಅಗತ್ಯವಾದ ಇತರ ಪ್ಯಾಕೇಜುಗಳನ್ನೂ ಜತೆಗೆ ಕರೆತರುತ್ತದೆ. ಇದಕ್ಕೆ ಅವಲಂಬನೆ ಅಥವಾ ಡಿಪೆಂಡೆನ್ಸಿ ಎಂದು ಹೆಸರು. ಹೀಗೆ ಬಂದ ಪ್ಯಾಕೇಜಿನ ಆದೇಶಕ್ಕೂ ಯಂತ್ರದಲ್ಲಿ ಮೊದಲೇ ಇರುವ ಆದೇಶಕ್ಕೂ ಒಂದೇ ಹೆಸರಿದ್ದರೆ ಸಂಘರ್ಷ ಆರಂಭವಾಗುತ್ತದೆ.

ಸಂಘರ್ಷ ಹುಟ್ಟುವುದು ಹೇಗೆ?

ಬಹುತೇಕ ಆದೇಶಗಳು ಮೂಲತಃ ಒಂದೊಂದು ಫೈಲ್. ಬಳಕೆದಾರನು ಹೆಸರನ್ನು ಬೆರಳಚ್ಚಿಸಿದೊಡನೆ ವ್ಯವಸ್ಥೆಯು ‘ಪಾತ್’ ಎಂಬ ಪಟ್ಟಿಯಲ್ಲಿರುವ ಫೋಲ್ಡರ್‌ಗಳನ್ನು ಕ್ರಮವಾಗಿ ಹುಡುಕಿ, ಮೊದಲು ಸಿಕ್ಕಿದ ಫೈಲನ್ನು ಚಾಲನೆಗೊಳಿಸುತ್ತದೆ. ಒಂದೇ ಫೋಲ್ಡರ್‌ನಲ್ಲಿ ಒಂದೇ ಹೆಸರಿನ ಎರಡು ಫೈಲುಗಳಿಗೆ ಸ್ಥಳವಿಲ್ಲ. ಡೆಬಿಯನ್‌ನ ‘ಡಿಪಿಕೆಜಿ’ಯು ಇಂತಹ ಸಂದರ್ಭದಲ್ಲಿ ದೋಷ ಸೂಚಿಸಿ ಅಳವಡಿಕೆಯನ್ನು ನಿಲ್ಲಿಸುತ್ತದೆ. ಫೈಲುಗಳು ಬೇರೆ ಬೇರೆ ಫೋಲ್ಡರ್‌ಗಳಲ್ಲಿದ್ದರೆ ಯಾವ ಎಚ್ಚರಿಕೆಯೂ ಕಾಣುವುದಿಲ್ಲ. ಪಟ್ಟಿಯಲ್ಲಿ ಮುಂದಿರುವ ಫೈಲ್ ಸದ್ದಿಲ್ಲದೆ ಗೆಲ್ಲುತ್ತದೆ. ಹೆಚ್ಚು ಅಪಾಯಕಾರಿಯಾದುದು ಈ ಎರಡನೆಯ ಬಗೆ.

‘ನೋಡ್’ ವಿವಾದ

ಇದಕ್ಕೆ ಪ್ರಸಿದ್ಧ ನಿದರ್ಶನ ‘ನೋಡ್’ ಎಂಬ ಪದ. ಹವ್ಯಾಸಿ ರೇಡಿಯೊ ಬಳಕೆದಾರರ ಪ್ಯಾಕೆಟ್ ಜಾಲಕ್ಕಾಗಿ ರೂಪುಗೊಂಡ ಪುಟ್ಟ ತಂತ್ರಾಂಶವೊಂದು ಈ ಹೆಸರಿನಲ್ಲಿ ಡೆಬಿಯನ್‌ನಲ್ಲಿ ನೆಲೆಸಿತ್ತು. 2009ರಲ್ಲಿ ರಯಾನ್ ಡಾಲ್ ಅವರು ನೋಡ್.ಜೆಎಸ್ ಬಿಡುಗಡೆ ಮಾಡಿದರು. ಅದರ ಆದೇಶವೂ ‘ನೋಡ್’ ಎಂದೇ ಇತ್ತು. ಹೊಸಬರಿಗೆ ಬಳಕೆದಾರರ ಬಲವಿತ್ತು, ಹಳಬರಿಗೆ ಮೊದಲಿಗರೆಂಬ ಹಕ್ಕಿತ್ತು. ರೇಡಿಯೊ ತಂತ್ರಾಂಶವನ್ನು ಸಾಮಾನ್ಯವಾಗಿ ಸಂರಚನಾ ಫೈಲುಗಳೇ ಕರೆಯುತ್ತಿದ್ದುದರಿಂದ, ಹೆಸರು ಬದಲಾದರೆ ಕೆಲಸ ಮಾಡುತ್ತಿದ್ದ ಕೇಂದ್ರಗಳು ಸ್ಥಗಿತಗೊಳ್ಳುವ ಆತಂಕವಿತ್ತು.

ಡೆಬಿಯನ್ ನೀತಿ ಸಂಹಿತೆಯ ಪ್ರಕಾರ, ಭಿನ್ನ ಕೆಲಸ ಮಾಡುವ ಎರಡು ಪ್ಯಾಕೇಜುಗಳು ಒಂದೇ ಹೆಸರಿನ ಆದೇಶವನ್ನು ಅಳವಡಿಸುವಂತಿಲ್ಲ. ಒಂದರ ಹೆಸರು ಬದಲಾಗಬೇಕು. ಒಮ್ಮತ ಮೂಡದಿದ್ದರೆ ಎರಡರ ಹೆಸರೂ ಬದಲಾಗಬೇಕು. 2012ರಲ್ಲಿ ತಾಂತ್ರಿಕ ಸಮಿತಿಯು ಎರಡನ್ನೂ ಬದಲಿಸಿತು. ರೇಡಿಯೊ ತಂತ್ರಾಂಶ ‘ಎಎಕ್ಸ್25-ನೋಡ್’ ಆಯಿತು, ಹೊಸದು ‘ನೋಡ್‌ಜೆಎಸ್’ ಆಯಿತು.

ಅದರ ಬೆಲೆಯನ್ನು ತೆತ್ತವರು ಸಾಮಾನ್ಯ ಅಭಿವೃದ್ಧಿಕಾರರು. ‘ನೋಡ್’ ಎಂಬ ಆದೇಶವನ್ನೇ ನಂಬಿ ಬರೆದ ಸ್ಕ್ರಿಪ್ಟ್‌ಗಳು ಡೆಬಿಯನ್ ಹಾಗೂ ಉಬುಂಟು ಯಂತ್ರಗಳಲ್ಲಿ ‘ಆದೇಶ ಸಿಗಲಿಲ್ಲ’ ಎಂದು ನಿಂತುಹೋದವು. ಹಳೆಯ ಹೆಸರನ್ನು ಮರಳಿ ಪಡೆಯಲು ‘ನೋಡ್‌ಜೆಎಸ್-ಲೆಗಸಿ’ ಎಂಬ ಪ್ರತ್ಯೇಕ ಪ್ಯಾಕೇಜ್ ಬೇಕಾಯಿತು. 2017ರಲ್ಲಿ ಸಮಿತಿಯು ತನ್ನ ನಿರ್ಣಯವನ್ನು ಹಿಂಪಡೆದ ಬಳಿಕವಷ್ಟೇ ನೋಡ್.ಜೆಎಸ್‌ಗೆ ಆ ಹೆಸರು ದಕ್ಕಿತು.

ಇನ್ನಷ್ಟು ನಿದರ್ಶನಗಳು

2005ರಲ್ಲಿ ಲೈನಸ್ ಟೋರ್ವಾಲ್ಡ್ಸ್ ‘ಗಿಟ್’ ರೂಪಿಸಿದಾಗ, ಡೆಬಿಯನ್‌ನಲ್ಲಿ ಆ ಹೆಸರು ಗ್ನು ಇಂಟರಾಕ್ಟಿವ್ ಟೂಲ್ಸ್‌ನ ವಶದಲ್ಲಿತ್ತು. ಹೀಗಾಗಿ ಹೊಸ ಪ್ಯಾಕೇಜ್ 2010ರವರೆಗೆ ‘ಗಿಟ್-ಕೋರ್’ ಎಂದೇ ಉಳಿಯಿತು. ಫೈಲ್ ಹುಡುಕುವ ‘ಎಫ್‌ಡಿ’ ಇಂದಿಗೂ ಅಲ್ಲಿ ‘ಎಫ್‌ಡಿಫೈಂಡ್’. ಫೈಲಿನಲ್ಲಿರುವುದನ್ನು ತೋರಿಸುವ ‘ಬ್ಯಾಟ್’ ಅಲ್ಲಿ ‘ಬ್ಯಾಟ್‌ಕ್ಯಾಟ್’.

ವಿಂಡೋಸ್ ಕೂಡ ಇದಕ್ಕೆ ಹೊರತಲ್ಲ. ಚಿತ್ರಗಳನ್ನು ಪರಿವರ್ತಿಸುವ ಇಮೇಜ್‌ಮ್ಯಾಜಿಕ್‌ನ ಹಳೆಯ ಆದೇಶ ‘ಕನ್ವರ್ಟ್’. ಡಿಸ್ಕಿನ ಕಡತ ವ್ಯವಸ್ಥೆಯನ್ನು ಫ್ಯಾಟ್‌ನಿಂದ ಎನ್‌ಟಿಎಫ್‌ಎಸ್‌ಗೆ ಬದಲಿಸುವ ವಿಂಡೋಸ್ ಆದೇಶಕ್ಕೂ ಅದೇ ಹೆಸರು! ಇಮೇಜ್‌ಮ್ಯಾಜಿಕ್‌ನ 7ನೇ ಆವೃತ್ತಿಯಲ್ಲಿ ಮುಖ್ಯ ಆದೇಶ ‘ಮ್ಯಾಜಿಕ್’ ಆಗಿದೆ.

ಪೈಥಾನ್ ಬಳಕೆದಾರರು ಎದುರಿಸುವ ತೊಡಕು ತುಸು ಬೇರೆ. ಲಿನಕ್ಸ್‌ನ ಹಲವು ಸ್ವಂತ ಉಪಕರಣಗಳೇ ಪೈಥಾನನ್ನು ಅವಲಂಬಿಸಿರುವುದರಿಂದ, ‘ಪಿಪ್’ ಮೂಲಕ ಆಡಳಿತಾಧಿಕಾರ ಬಳಸಿ ಅಳವಡಿಸಿದ ಹೊಸ ಆವೃತ್ತಿಯು ಅವುಗಳನ್ನು ಕೆಡಿಸಬಲ್ಲದು. ಆದ್ದರಿಂದಲೇ 2023ರಲ್ಲಿ ಬಂದ ಡೆಬಿಯನ್ 12, ವ್ಯವಸ್ಥೆಯ ಪೈಥಾನ್‌ಗೆ ಪಿಪ್ ನೇರವಾಗಿ ಕೈಹಾಕುವುದನ್ನು ತಡೆಯುತ್ತದೆ.

ಮುನ್ನೆಚ್ಚರಿಕೆ ಏನು?

* ಅಳವಡಿಸುವ ಮುನ್ನ ‘ಎಪಿಟಿ-ಗೆಟ್’ಗೆ ‘--ಸಿಮ್ಯುಲೇಟ್’ ಆಯ್ಕೆ ನೀಡಿ, ಏನು ಬರುತ್ತದೆ ಎಂಬುದರ ಜತೆಗೆ ಏನು ತೆಗೆದುಹಾಕಲ್ಪಡುತ್ತದೆ ಎಂಬುದನ್ನೂ ಓದಬೇಕು.

* ಒಂದು ಹೆಸರಿನ ಆದೇಶಗಳು ಎಲ್ಲೆಲ್ಲಿವೆ ಎಂಬುದನ್ನು ಬ್ಯಾಷ್‌ನಲ್ಲಿ ‘ಟೈಪ್ -ಎ’ ತಿಳಿಸುತ್ತದೆ. ಫೈಲ್ ಯಾವ ಪ್ಯಾಕೇಜಿಗೆ ಸೇರಿದ್ದು ಎಂಬುದನ್ನು ‘ಡಿಪಿಕೆಜಿ --ಸರ್ಚ್’ ತಿಳಿಸುತ್ತದೆ.

* ಒಂದು ಯೋಜನೆಗೆ ಮಾತ್ರ ಬೇಕಾದ ಪೈಥಾನ್ ಪ್ಯಾಕೇಜುಗಳನ್ನು ‘ವೆನ್ವ್’ ಎಂಬ ಪ್ರತ್ಯೇಕ ಪರಿಸರದಲ್ಲಿ ಇರಿಸುವುದು ಕ್ಷೇಮ.

* ಡಿಪಿಕೆಜಿ ನಿರಾಕರಿಸಿದಾಗ ‘--ಫೋರ್ಸ್-ಓವರ್‌ರೈಟ್’ ಬಳಸಿ ಬಲವಂತ ಮಾಡುವುದು ಸಲ್ಲದು. ಹಾಗೆ ಅಳಿಸಿಹೋದ ಆದೇಶವನ್ನು ಮತ್ತಾವುದೋ ತಂತ್ರಾಂಶ ನಂಬಿಕೊಂಡಿರಬಹುದು.

ಆದೇಶದ ಹೆಸರು ಒಂದು ಯಂತ್ರದಲ್ಲಿರುವ ಎಲ್ಲ ತಂತ್ರಾಂಶಗಳ ಸಾಮಾನ್ಯ ಸ್ವತ್ತು. ಅದನ್ನು ಬಲಶಾಲಿಯಾದವನು ಸದ್ದಿಲ್ಲದೆ ಕಸಿದುಕೊಂಡರೆ ನಷ್ಟಕ್ಕೀಡಾಗುವುದು ನಿನ್ನೆಯವರೆಗೆ ಸರಿಯಾಗಿ ನಡೆಯುತ್ತಿದ್ದ ಯಾರದೋ ಕೆಲಸ. ಡೆಬಿಯನ್‌ನ ನಿಯಮವು ಲಕ್ಷಾಂತರ ಮಂದಿಗೆ ಕಿರಿಕಿರಿ ತಂದಿದ್ದರೂ, ಅದು ಕಾಪಾಡಿದ್ದು ಈ ನಂಬಿಕೆಯನ್ನೇ.