ಬರೆಯಲು ಹೊರಟದ್ದು ಒಂದು, ಬರೆದದ್ದು ಇನ್ನೊಂದು

ಪುಸ್ತಕ ಬರೆಯಲು ಕೂರುವ ಲೇಖಕನಿಗೆ ತಾನು ಹೇಳಬೇಕಾದದ್ದು ಮೊದಲೇ ಗೊತ್ತಿರುತ್ತದೆ ಎಂಬುದು ಓದುಗರ ಸಾಮಾನ್ಯ ನಂಬಿಕೆ. ಜಗತ್ತಿನ ಶ್ರೇಷ್ಠ ಕಾದಂಬರಿಗಳಲ್ಲಿ ಒಂದೆಂದು ಹೆಸರಾದ ‘ಯುದ್ಧ ಮತ್ತು ಶಾಂತಿ’ ಹುಟ್ಟಿದ ಬಗೆ ನೋಡಿದರೆ ಈ ನಂಬಿಕೆ ಸಡಿಲವಾಗುತ್ತದೆ. ರಷ್ಯಾದ ಲಿಯೋ ಟಾಲ್‌ಸ್ಟಾಯ್ ಮೊದಲು ಬರೆಯಲು ಹೊರಟದ್ದು ಬೇರೊಂದು ಕಾದಂಬರಿಯನ್ನು. ಅದು ಕೊನೆಗೂ ಮುಗಿಯಲಿಲ್ಲ.

1825ರ ಡಿಸೆಂಬರ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಸೇನೆಯ ಕೆಲವು ಅಧಿಕಾರಿಗಳು ಝಾರ್ ದೊರೆಯ ನಿರಂಕುಶ ಆಳ್ವಿಕೆಯ ವಿರುದ್ಧ ದಂಗೆ ಎದ್ದರು. ಒಂದೇ ದಿನದಲ್ಲಿ ದಂಗೆ ಅಡಗಿತು. ಐವರನ್ನು ಗಲ್ಲಿಗೇರಿಸಲಾಯಿತು. ನೂರಕ್ಕೂ ಹೆಚ್ಚು ಮಂದಿಯನ್ನು ಸೈಬೀರಿಯಾಕ್ಕೆ ಗಡೀಪಾರು ಮಾಡಲಾಯಿತು. ತಿಂಗಳ ಹೆಸರಿನಿಂದಲೇ ಅವರು ‘ಡಿಸೆಂಬರಿಸ್ಟ’ರಾದರು. ಮೂವತ್ತು ವರ್ಷಗಳ ನಂತರ, 1856ರಲ್ಲಿ, ಎರಡನೇ ಅಲೆಕ್ಸಾಂಡರ್ ಕ್ಷಮಾದಾನ ನೀಡಿದಾಗ ಬದುಕುಳಿದವರು ಮುದುಕರಾಗಿ ಊರಿಗೆ ಮರಳಿದರು. 1860ರ ಸುಮಾರಿಗೆ ಟಾಲ್‌ಸ್ಟಾಯ್ ಕೈಗೆತ್ತಿಕೊಂಡದ್ದು ಹೆಂಡತಿ ಮಕ್ಕಳೊಡನೆ ಹಿಂದಿರುಗುವ ಇಂಥ ಒಬ್ಬ ಡಿಸೆಂಬರಿಸ್ಟನ ಕಥೆಯನ್ನು.

ಕೆಲವು ಅಧ್ಯಾಯಗಳಾದ ಮೇಲೆ ಕಥೆ ನಿಂತಿತು. ಈ ಮುದುಕನನ್ನು ಅರಿಯಬೇಕಾದರೆ ಅವನು ದಂಗೆ ಎದ್ದ 1825ಕ್ಕೆ ಹೋಗಬೇಕು ಎನ್ನಿಸಿತು. ಅಲ್ಲಿ ನೋಡಿದರೆ ಅವನು ಆಗಲೇ ಸಂಸಾರಸ್ಥ. ಅವನ ಯೌವನ ಕಳೆದದ್ದು ನೆಪೋಲಿಯನ್ ರಷ್ಯಾದ ಮೇಲೆ ದಂಡೆತ್ತಿ ಬಂದ 1812ರಲ್ಲಿ. ಸರಿ, 1812ರಿಂದ ಬರೆಯೋಣವೆಂದರೆ ಇನ್ನೊಂದು ಸಂಕೋಚ ಅಡ್ಡ ಬಂತು. ಗೆದ್ದ ವರ್ಷದ ಕಥೆಯನ್ನಷ್ಟೇ ಹೇಳಿ, ಅದಕ್ಕೆ ಮೊದಲಿನ ಸೋಲು ಅವಮಾನಗಳನ್ನು ಮುಚ್ಚಿಡುವುದು ನಾಚಿಕೆಗೇಡು ಎನ್ನಿಸಿತು. ಒಂದು ಜನತೆಯ ಗುಣ ಗೆಲುವಿನಲ್ಲಿ ಕಾಣುವುದಾದರೆ ಸೋಲಿನಲ್ಲಿ ಇನ್ನೂ ಚೆನ್ನಾಗಿ ಕಾಣಬೇಕಲ್ಲವೇ? ಈ ಯೋಚನೆಯನ್ನು ಟಾಲ್‌ಸ್ಟಾಯ್ ಮುನ್ನುಡಿಯ ಕರಡೊಂದರಲ್ಲಿ ತಾನೇ ವಿವರಿಸಿದ್ದಾನೆ. ಹೀಗೆ ಅವನು ಆಸ್ಟರ್‌ಲಿಟ್ಸ್ ಕದನದಲ್ಲಿ ರಷ್ಯಾ ಸೋತ 1805ಕ್ಕೆ ಬಂದು ನಿಂತ. ಹೊರಟ ಜಾಗದಿಂದ ಅರ್ಧ ಶತಮಾನ ಹಿಂದಕ್ಕೆ!

ಕಾಲ ಸಿಕ್ಕಿತು, ಬಾಗಿಲು ಸಿಗಲಿಲ್ಲ. 1863ರಲ್ಲಿ ಬರವಣಿಗೆ ಹಿಡಿದ ಟಾಲ್‌ಸ್ಟಾಯ್ ಸುಮಾರು 15 ಆರಂಭಗಳನ್ನು ಬರೆದು ಬದಿಗಿಟ್ಟ. ಕೊನೆಗೆ ಒಪ್ಪಿಗೆಯಾದದ್ದು ಪೀಟರ್ಸ್‌ಬರ್ಗಿನ ಶ್ರೀಮಂತರ ಸಂಜೆಯ ಕೂಟವೊಂದರ ದೃಶ್ಯ. 1865ರಲ್ಲಿ ‘ರುಸ್ಕಿ ವೆಸ್ಟ್‌ನಿಕ್’ ಪತ್ರಿಕೆಯಲ್ಲಿ ಮೊದಲ ಭಾಗಗಳು ಅಚ್ಚಾದಾಗ ಕೃತಿಯ ಹೆಸರು ಬರೀ ‘1805’. ಮರುವರ್ಷ ಎಲ್ಲವೂ ಸುಖಾಂತವಾಗುವಂತೆ ಮುಗಿಸುವ ಯೋಚನೆಯೂ ಇತ್ತು.

ಪಾತ್ರಗಳೂ ಲೇಖಕನ ಲೆಕ್ಕಾಚಾರವನ್ನು ಬದಲಿಸಿದವು. ಆಸ್ಟರ್‌ಲಿಟ್ಸ್‌ನಲ್ಲಿ ಸಾಯಲು ಒಬ್ಬ ತೇಜಸ್ವಿ ಯುವಕ ಬೇಕಾಗಿದ್ದ. ಅದಕ್ಕೆಂದೇ ಹುಟ್ಟಿದವನು ರಾಜಕುಮಾರ ಆಂದ್ರೇ. ಬರೆಯುತ್ತ ಬರೆಯುತ್ತ ಅವನ ಮೇಲೆ ಆಸಕ್ತಿ ಬೆಳೆಯಿತು. ಕೊಲ್ಲುವ ಬದಲು ಗಾಯಗೊಳಿಸಿ ಬಿಟ್ಟೆ ಎಂಬ ಅರ್ಥದಲ್ಲಿ ಟಾಲ್‌ಸ್ಟಾಯ್ 1865ರ ಪತ್ರವೊಂದರಲ್ಲಿ ಬರೆದಿದ್ದಾನೆ. ಆಂದ್ರೇ ಬದುಕದೇ ಇದ್ದಿದ್ದರೆ ನತಾಶಾಳ ಪ್ರೇಮಕಥೆಯೂ ಇರುತ್ತಿರಲಿಲ್ಲ.

ಆರು ವರ್ಷಗಳ ಕಾಲ ಉತ್ಸಾಹ ಬತ್ತದಂತೆ ಉಳಿದದ್ದು ಹೇಗೆ? ಸ್ಫೂರ್ತಿಗಾಗಿ ಟಾಲ್‌ಸ್ಟಾಯ್ ಕೈಕಟ್ಟಿ ಕಾಯಲಿಲ್ಲ. ಹಳೆಯ ಪತ್ರ, ದಿನಚರಿ, ಯುದ್ಧದ ನೆನಪುಗಳನ್ನು ರಾಶಿ ಹಾಕಿಕೊಂಡು ಓದಿದ. ಸ್ವತಃ ಸೆವಾಸ್ತೊಪೋಲ್‌ನಲ್ಲಿ ಯುದ್ಧ ಕಂಡವನಾದರೂ 1867ರಲ್ಲಿ ಬೊರೊಡಿನೋ ರಣಭೂಮಿಗೆ ಹೋಗಿ ಎರಡು ದಿನ ಸುತ್ತಾಡಿ ನಕ್ಷೆ ಬರೆದುಕೊಂಡ. ಬೇಟೆಯಲ್ಲಿ ಕುದುರೆಯಿಂದ ಬಿದ್ದು ಬಲಗೈ ಮುರಿದಾಗ ತಾನು ಹೇಳುತ್ತ ನಾದಿನಿ ತಾನ್ಯಾಳಿಂದ ಬರೆಸಿದ. ನತಾಶಾ ಪಾತ್ರಕ್ಕೆ ಬಹುಮಟ್ಟಿಗೆ ಮಾದರಿಯಾದವಳೂ ಇವಳೇ. ಗೀಚಿ ತಿದ್ದಿ ಕಪ್ಪಾದ ಹಾಳೆಗಳನ್ನು ಮತ್ತೆ ಮತ್ತೆ ಶುದ್ಧಪ್ರತಿ ಮಾಡಿದವಳು ಹೆಂಡತಿ ಸೋಫಿಯಾ. ಮಕ್ಕಳನ್ನು ಮಲಗಿಸಿದ ಮೇಲೆ ರಾತ್ರಿ ನಡೆಯುತ್ತಿದ್ದ ಆ ದುಡಿಮೆ ಇಲ್ಲದಿದ್ದರೆ 1869ರಲ್ಲಿ ಪುಸ್ತಕ ಪೂರ್ತಿಯಾಗುತ್ತಿತ್ತೇ ಎಂಬುದು ಸಂದೇಹ.

ಹಾಗೆಂದು ಶ್ರಮವೊಂದರಿಂದಲೇ ಪುಸ್ತಕಕ್ಕೆ ಜೀವ ಬರುವುದಿಲ್ಲ. ಮುಂದೆ ಟಾಲ್‌ಸ್ಟಾಯ್ ಪೀಟರ್ ಮಹಾಶಯನ ಕಾಲದ ಬಗ್ಗೆ ಕಾದಂಬರಿ ಬರೆಯಲು ಇದೇ ಶ್ರದ್ಧೆಯಿಂದ ಟಿಪ್ಪಣಿ ಮಾಡಿದ, ಹತ್ತಾರು ಸಲ ಆರಂಭಿಸಿದ. ಆ ಕಾಲದ ಜನರ ಒಳಬದುಕು ಕೈಗೆ ಹತ್ತಲಿಲ್ಲವೆಂದು ಬಿಟ್ಟುಬಿಟ್ಟ. 1873ರಲ್ಲಿ ಪುಷ್ಕಿನ್‌ನ ಗದ್ಯ ಓದುತ್ತಿದ್ದಾಗ ಚಿಗುರಿದ್ದು ‘ಅನ್ನಾ ಕರೆನಿನಾ’. ಹಿಂದಕ್ಕೆ ಹೋಗುವುದನ್ನು ಬಲ್ಲವನಿಗೆ ಕೈಬಿಡುವುದೂ ಗೊತ್ತಿತ್ತು.

‘ಯುದ್ಧ ಮತ್ತು ಶಾಂತಿ’ಯ ತಿರುಳು ಯಾವುದು? ಇದಕ್ಕೆ ಟಾಲ್‌ಸ್ಟಾಯ್ ಕೊಟ್ಟ ಉತ್ತರವನ್ನು ಸೋಫಿಯಾ ಬರೆದಿಟ್ಟದ್ದು 1877ರಲ್ಲಿ, ಪುಸ್ತಕ ಮುಗಿದು ಎಂಟು ವರ್ಷಗಳ ನಂತರ. ‘ಅನ್ನಾ’ದಲ್ಲಿ ತನಗೆ ಪ್ರಿಯವಾದದ್ದು ಕುಟುಂಬದ ವಿಚಾರ, ‘ಯುದ್ಧ ಮತ್ತು ಶಾಂತಿ’ಯಲ್ಲಿ ಜನತೆಯ ವಿಚಾರ ಎಂಬುದು ಅದರ ಸಾರ. ಮುದುಕನೊಬ್ಬನನ್ನು ಅರಿಯಲು ಹೊರಟವನು ಹಿಂದೆ ಸರಿಯುತ್ತ ಸರಿಯುತ್ತ ಇಡೀ ಜನತೆಯನ್ನೇ ತಲುಪಿದ್ದ.

ಮೊದಲಿನ ಆ ಕಥೆಯನ್ನು ಟಾಲ್‌ಸ್ಟಾಯ್ ಮರೆತಿರಲಿಲ್ಲ. 1870ರ ದಶಕದ ಕೊನೆಯಲ್ಲಿ ಡಿಸೆಂಬರಿಸ್ಟರ ಕಾದಂಬರಿಯನ್ನು ಮತ್ತೆ ಕೈಗೆತ್ತಿಕೊಂಡು ಮತ್ತೆ ಕೈಬಿಟ್ಟ. ‘ಯುದ್ಧ ಮತ್ತು ಶಾಂತಿ’ಯ ಕಥೆ ನಿಲ್ಲುವುದು 1820ರಲ್ಲಿ, ನಾಯಕ ಪಿಯರ್ ರಹಸ್ಯ ಸಂಘವೊಂದರ ಕೆಲಸದಲ್ಲಿ ತೊಡಗಿರುವಾಗ. ಡಿಸೆಂಬರ್ ದಂಗೆಗೆ ಆಗ ಉಳಿದಿದ್ದದ್ದು ಐದೇ ವರ್ಷ.