ದಫ್ತರದ ಕೀಲಿಕೈ ಯಾರ ಬಳಿ?

ಅಣ್ಣಿಗೇರಿ ಎಂದೊಡನೆ ನಿಮಗೆ ಆದಿಕವಿ ಪಂಪನೂ ಅಮೃತೇಶ್ವರ ಗುಡಿಯೂ ನೆನಪಾಗುತ್ತವೆ. ಅದೇ ಊರಿನಲ್ಲಿ ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನ ಕಾಲದ, ಎಂದರೆ 8ನೆಯ ಶತಮಾನದ, ಕನ್ನಡ ಶಾಸನವೊಂದು ದೊರೆತಿದೆ. ಆ ಅರಸುಮನೆತನ ಅಳಿಯಿತು, ಬರಹ ಉಳಿಯಿತು. ಹಳೆಯ ಲಿಪಿಯನ್ನು ಕಲಿತ ಯಾರೇ ಆಗಲಿ ಅದನ್ನು ಓದಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಹೊಲದ ಲೆಕ್ಕಕ್ಕೆ ಮಾತ್ರ ಈ ಭಾಗ್ಯ ಇರಲಿಲ್ಲ. ಪೇಶ್ವೆಯರ ಕಾಲದಲ್ಲಿ ಧಾರವಾಡ ಸೀಮೆಯ ಕಾಗದಪತ್ರಗಳು ಮೋಡಿ ಲಿಪಿಯಲ್ಲಿ ಇರುತ್ತಿದ್ದವು. ಕುಲಕರ್ಣಿಕೆ ವಂಶಪಾರಂಪರ್ಯವಾಗಿ ಬರುತ್ತಿತ್ತು. ಕುಲಕರ್ಣಿಗಳೆಲ್ಲರೂ ಮೋಸಗಾರರಾಗಿದ್ದರೆಂದು ಇದರ ಅರ್ಥವಲ್ಲ. ಆದರೆ ತನ್ನ ಹೆಸರು ಸರಿಯಾಗಿದೆಯೋ ಇಲ್ಲವೋ ಎಂದು ತಾನೇ ನೋಡಿಕೊಳ್ಳುವ ದಾರಿ ಅಕ್ಷರ ಬಾರದ ರೈತನಿಗೆ ಇರಲಿಲ್ಲ. ಬರೆದವನನ್ನು ನಂಬುವುದೊಂದೇ ಉಪಾಯ. 1950ರಲ್ಲಿ ಮುಂಬಯಿ ಸರ್ಕಾರ ಕುಲಕರ್ಣಿ ವತನಗಳನ್ನು ರದ್ದುಪಡಿಸುವ ಕಾನೂನು ಮಾಡಿತು. ದಫ್ತರ ಸರ್ಕಾರಿ ನೌಕರನಾದ ತಲಾಠಿಯ ಕೈಗೆ ಬಂತು.

ಮುಂದಿನ ದೊಡ್ಡ ಹೆಜ್ಜೆ 'ಭೂಮಿ' ಯೋಜನೆ. 2002ರ ಹೊತ್ತಿಗೆ ರಾಜ್ಯದ ಅಂದಿನ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ಕುಂದಗೋಳದ ರೈತನೂ ಕಲಘಟಗಿಯ ರೈತನೂ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟು ತಮ್ಮ ಹೊಲದ ಉತಾರ ಪಡೆಯುವಂತಾಯಿತು. ಈ ತಂತ್ರಾಂಶವನ್ನು ಸಿದ್ಧಪಡಿಸಿದ್ದು ಸರ್ಕಾರದ್ದೇ ಆದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ದಫ್ತರ ಖಾಸಗಿಯವರ ಮನೆ ಸೇರಲಿಲ್ಲ ಎಂಬುದನ್ನು ನಾವು ಮರೆಯಬಾರದು.

ಆದರೆ ಕನ್ನಡದ ಇತರ ಬರಹಗಳು ಅಷ್ಟು ಅದೃಷ್ಟ ಮಾಡಿರಲಿಲ್ಲ. ಆ ದಿನಗಳಲ್ಲಿ ಪ್ರತಿ ಕಂಪನಿಯೂ ತನ್ನದೇ ಸಂಕೇತಗಳಲ್ಲಿ ಕನ್ನಡ ಅಕ್ಷರಗಳನ್ನು ಕೂಡಿಡುತ್ತಿತ್ತು. ಒಂದರಲ್ಲಿ ಬೆರಳಚ್ಚು ಮಾಡಿದ್ದನ್ನು ಇನ್ನೊಂದರಲ್ಲಿ ತೆರೆದರೆ ಕಾಣುತ್ತಿದ್ದುದು ಅರ್ಥವಿಲ್ಲದ ಗೀಟುಗಳು. ಬರೆದದ್ದು ನಾವು, ಓದಬೇಕಾದರೆ ಅವರ ತಂತ್ರಾಂಶವೇ ಬೇಕು. ಇದು ಮೋಡಿ ಲಿಪಿಯ ಹೊಸ ಅವತಾರವಲ್ಲವೇ? ಯಾರ ಸ್ವತ್ತೂ ಅಲ್ಲದ ಸಮಾನ ಸಂಕೇತವಾದ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿತ್ತು. ಅದು ಬಳಕೆಗೆ ಬರಲು ಮಾತ್ರ ವರ್ಷಗಳೇ ಹಿಡಿದವು.

ಈಗ 'ಕ್ಲೌಡ್', ಅಂದರೆ ಮೋಡ, ಎಂಬ ಮಾತು ಕೇಳುತ್ತೀರಿ. ಮಾಹಿತಿ ಇರುವುದು ಮೋಡದಲ್ಲಲ್ಲ, ದೂರದಲ್ಲಿರುವ ಇನ್ನೊಬ್ಬರ ಗಣಕಯಂತ್ರದಲ್ಲಿ. ಅಮೆಜಾನ್ ಕಂಪನಿ 2006ರಲ್ಲಿ ಹೀಗೆ ಬಾಡಿಗೆಗೆ ಕೊಡಲಾರಂಭಿಸಿತು. ನಮ್ಮ ಜೋಳವನ್ನು ಬೇರೆಯವರ ಹಗೇವಿನಲ್ಲಿ ತುಂಬಿದ ಹಾಗೆ ಎನ್ನಿ. ಸ್ವಂತ ಹಗೇವು ತೋಡುವ ಖರ್ಚಿಲ್ಲ, ಕಾಯುವ ಚಿಂತೆಯಿಲ್ಲ. ಆದರೆ ತುಂಬುವಾಗ ಪುಕ್ಕಟೆ, ತೆಗೆಯುವಾಗ ಕೂಲಿ ಎಂಬ ಕರಾರು ಇಲ್ಲಿ ಸಾಮಾನ್ಯ. ಅದಕ್ಕಿಂತ ಮಿಗಿಲಾಗಿ, ಆ ಕಂಪನಿಯ ಪದ್ಧತಿಗೇ ಹೊಂದಿಸಿದ ಲೆಕ್ಕ ಬೇರೆಡೆ ನಡೆಯುವುದಿಲ್ಲ. ಬಾಡಿಗೆ ಏರಿಸಿದರೂ ಬಿಟ್ಟುಬರಲಾಗದು. ಯುರೋಪಿನ ದೇಶಗಳು ಇದನ್ನು ಕಂಡೇ ಕಾನೂನು ಮಾಡಿವೆ: ಕಂಪನಿ ಬದಲಿಸುವ ಗ್ರಾಹಕನಿಂದ ಅದಕ್ಕಾಗಿ ಶುಲ್ಕ ಪಡೆಯುವುದಕ್ಕೆ ಅಲ್ಲಿ 2027ರ ಜನವರಿ 12ರಿಂದ ನಿಷೇಧವಿದೆ.

ಇದು ನಮ್ಮ ಊರಿಗೆ ಸಂಬಂಧಿಸಿದ್ದಲ್ಲ ಎನ್ನುವಿರಾ? ಅಂದಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲೊಂದು ಹುಟ್ಟಿತು. ಅಂಥ 63,000 ಸಂಘಗಳ ಲೆಕ್ಕವನ್ನು ಕ್ಲೌಡ್ ಆಧಾರಿತ ಏಕರೂಪ ತಂತ್ರಾಂಶಕ್ಕೆ ತರುವ ಯೋಜನೆಗೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ನೀಡಿತು. ಯೋಜನೆ ಒಳ್ಳೆಯದೇ. ನಿಮ್ಮ ಬೆಳೆಸಾಲದ ಲೆಕ್ಕ ಅದರಲ್ಲಿರುವುದರಿಂದಲೇ ಅದರ ಬಗ್ಗೆ ಕೇಳುವ ಹಕ್ಕು ನಿಮಗಿದೆ.

ಬೇರೆ ದಾರಿಯೂ ಉಂಟು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಸ್ವತಂತ್ರ ತಂತ್ರಾಂಶದ ಚಳವಳಿ ಆರಂಭಿಸಿದರು. ಸ್ವತಂತ್ರ ಎಂದರೆ ಪುಕ್ಕಟೆ ಎಂದಲ್ಲ. ಯಾರಾದರೂ ತೆರೆದು ನೋಡಬಹುದು, ತಿದ್ದಬಹುದು, ಹಂಚಬಹುದು ಎಂದು. ಸ್ವಂತ ಕ್ಲೌಡ್ ಕಟ್ಟಿಕೊಳ್ಳಲು ನೆರವಾಗುವ ಓಪನ್‌ಸ್ಟ್ಯಾಕ್ 2010ರಲ್ಲಿ ಇದೇ ರೀತಿಯಲ್ಲಿ ಬಂತು. ಇದರಲ್ಲೂ ಕಷ್ಟವಿದೆ: ನಡೆಸಿಕೊಂಡು ಹೋಗಲು ತಿಳಿದವರು ಬೇಕು, ಅವರಿಗೆ ಸಂಬಳ ಕೊಡಬೇಕು. ಆದರೆ ಒಬ್ಬರು ಕೈಬಿಟ್ಟರೆ ಇನ್ನೊಬ್ಬರನ್ನು ಕರೆಯಬಹುದು.

ಆದ್ದರಿಂದ ನಿಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಮೂರು ಮಾತು ಕೇಳಿ. ನಮ್ಮ ಲೆಕ್ಕ ಎಲ್ಲಿದೆ? ಅದರ ಪೂರ್ಣ ಪ್ರತಿ ನಮ್ಮ ಬಳಿ ಇದೆಯೇ? ಬೇರೆ ತಂತ್ರಾಂಶದಲ್ಲಿ ಅದನ್ನು ಓದಬಹುದೇ? ಮೋಡಿಯ ಕಾಲದಲ್ಲಿ ನಮ್ಮ ಹಿರಿಯರಿಗೆ ಹೀಗೆ ಕೇಳುವ ಅವಕಾಶ ಇರಲಿಲ್ಲ. ನಮಗೆ ಇದೆ.